ಸಳಿ ಬಿಡುವ ವೇಗ

೧೯೯೯ರಲ್ಲಿ, ಎಂಟನೇ ಇಯತ್ತೆಯ ಅರ್ಧಕ್ಕೆ, ನಾನು ಶಾಲೆ ಬಿಟ್ಟೆ. ಯಾಕೆ ಬಿಟ್ಟೆ ಎನ್ನುವುದು ಬೇರೆ ಮಾತು. ಅದನ್ನು ಹೇಳಿಕೊಂಡು ಯಾರ ಕನಿಕರವೂ ನನಗೆ ಬೇಕಿಲ್ಲ. ಕಾಗವಾಡದಲ್ಲಿ ನನ್ನದೇ ವರ್ಕ್‌ಶಾಪ್ ಇದೆ. ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಯುವ ಬ್ಲೋವರುಗಳನ್ನು ರಿಪೇರಿ ಮಾಡುತ್ತೇನೆ, ಬಳ್ಳಿ ಹಬ್ಬಿಸುವ ಕಬ್ಬಿಣದ ಆ್ಯಂಗಲ್ ಕಟ್ಟಿಕೊಡುತ್ತೇನೆ. ಅಥಣಿಯಿಂದ ಮಿರಜದವರೆಗೆ ನನ್ನ ಬೆಸುಗೆ ಬಿಟ್ಟಿತು ಎಂದು ತಿರುಗಿ ಬಂದ ಗಿರಾಕಿ ಇಲ್ಲ. ಗಟ್ಟಿ ಕೆಲಸಕ್ಕೆ ನನ್ನ ಹೆಸರು ಹೇಳುತ್ತಾರೆ, ಹೇಳಬೇಕು.

ರಾಕೆಟ್ಟಿನ ಹುಚ್ಚು ಹತ್ತಿದ್ದು ಒಂದು ಮುರಿದ ಸ್ಟ್ಯಾಂಡಿನಿಂದ. ನಿಪ್ಪಾಣಿಯ ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ ಅದನ್ನು ಬೆಸೆಯಲು ತಂದಿದ್ದರು. ಅವರನ್ನು ಎಲ್ಲರೂ ಬಾಯಾರು ಎಂದೇ ಕರೆಯುತ್ತಾರೆ. ಚಿಕ್ಕೋಡಿ, ರಾಯಬಾಗ, ಮಿರಜ ಕಡೆಯ ಹತ್ತೆಂಟು ಜನರ ಒಂದು ಗುಂಪು ಅವರದು. ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ, ಪರವಾನಗಿಯ ಕಾಗದ ಜೊತೆಗಿಟ್ಟುಕೊಂಡು, ಇವರು ಮಾದರಿ ರಾಕೆಟ್ ಹಾರಿಸುತ್ತಾರೆ. ಬೆಸೆದ ಸ್ಟ್ಯಾಂಡು ಕೊಡಲು ಹೋದವನು ನೋಡುತ್ತ ನಿಂತೆ. ಒಂದು ಹೋಯಿತು. ಹೋಯಿತು ಎನ್ನುವಷ್ಟರಲ್ಲಿ ಮೇಲೆ ಚುಕ್ಕಿಯಾಗಿತ್ತು. ಅವತ್ತಿನಿಂದ ಊಟಕ್ಕೆ ಕುಂತರೂ ಅದೇ, ಬ್ಲೋವರಿನ ಫ್ಯಾನು ತಿರುಗಿಸಿದರೂ ಅದೇ.

ಸಣ್ಣವು ಎರಡು ಕಟ್ಟಿ ಹಾರಿಸಿದೆ. ಅವು ದೀಪಾವಳಿ ಬಾಣದ ತಮ್ಮಂದಿರು, ಕೈಗೆ ಕೆಲಸವೇ ಇಲ್ಲ. ಮಧ್ಯಮ ಶಕ್ತಿಯದು ಕೊಡಿ ಎಂದು ಬಾಯಾರ ಬೆನ್ನು ಹತ್ತಿದೆ. ಕಡೆಗೆ ಒಂದು ಕಿಟ್ಟು ಕೊಟ್ಟರು. ನಿಲ್ಲಿಸಿದರೆ ನನ್ನ ಎದೆಮಟ್ಟ ಬರುವ ದಪ್ಪ ಕಾಗದದ ಕೊಳವೆ, ಪ್ಲಾಸ್ಟಿಕ್ಕಿನ ಚೂಪು ಮೂತಿ, ಪ್ಲೈವುಡ್ಡಿನ ಮೂರು ರೆಕ್ಕೆ, ನೈಲಾನಿನ ಪ್ಯಾರಾಶೂಟು, ಮೂತಿಯನ್ನು ಕೊಳವೆಗೆ ಹಿಡಿದಿಡುವ ಉದ್ದನೆಯ ಹಗ್ಗ. ಮೋಟಾರು ಮಾತ್ರ ಕಿಟ್ಟಿನಲ್ಲಿ ಬರುವುದಿಲ್ಲ. ಅದು ಬಾಯಾರ ಬೀಗ ಹಾಕಿದ ಟ್ರಂಕಿನಲ್ಲಿರುತ್ತದೆ, ಹಾರಿಸುವ ಗಳಿಗೆಗೆ ಹೊರಗೆ ಬರುತ್ತದೆ. ಈ ಅಳತೆಯ ಮೋಟಾರು ಅವರ ಹತ್ತಿರ ಎರಡೇ ಇದ್ದವು.

ಕಟ್ಟಲು ಕೂತೆ. ಕೊಳವೆಗೆ ಸೀಳು ಹೊಡೆದು, ರೆಕ್ಕೆಯನ್ನು ಒಳಗಿನ ಮೋಟಾರು ಕೊಳವೆಯವರೆಗೆ ಇಳಿಸಿ ಅಂಟಿಸಬೇಕು. ಸೂಚನೆಯ ಚಿತ್ರದಲ್ಲಿ ಅಂಟಿನ ತೆಳು ಗೆರೆ ಮಾತ್ರ ಇತ್ತು. ಅದನ್ನು ನೋಡಿ ನನಗೆ ನಗು ಬಂತು. ಬ್ಲೋವರಿನ ನಡುಕಕ್ಕೆ ಕಬ್ಬಿಣವೇ ಸೀಳುತ್ತದೆ, ಇದು ಕಾಗದ. ರೆಕ್ಕೆಯ ಬುಡಕ್ಕೆ ಬೆರಳು ದಪ್ಪ ಎಪಾಕ್ಸಿ ತುಂಬಿದೆ. ಅದರ ಮೇಲೆ ಫೈಬರ್ ಬಟ್ಟೆ ಹೊದಿಸಿ ಇನ್ನೊಂದು ಸಲ ಎಪಾಕ್ಸಿ ಬಳಿದೆ. ರಾಕೆಟ್ಟು ಮೇಲೇಳುವಾಗ ಸ್ಟ್ಯಾಂಡಿನ ಉಕ್ಕಿನ ಸಳಿಯನ್ನು, ಆ ಉದ್ದನೆಯ ಸರಳನ್ನು, ಹಿಡಿದುಕೊಂಡು ನೆಟ್ಟಗೆ ಹೋಗಲಿ ಎಂದು ಅದರ ಮೈಗೆ ಎರಡು ಸಣ್ಣ ಬಳೆ ಅಂಟಿಸಬೇಕಾಗುತ್ತದೆ. ಕಿಟ್ಟಿನವು ಸಡಿಲ ಪ್ಲಾಸ್ಟಿಕ್ ಕೊಳವೆಗಳು. ಅವನ್ನು ಬದಿಗೆಸೆದು ಲೇತಿನಲ್ಲಿ ಹಿತ್ತಾಳೆಯ ಬುಶ್ ಕೊರೆದು ಹಾಕಿದೆ, ಸಳಿಗೆ ಪಿಸ್ಟನ್ ಕೂತ ಹಾಗೆ ಕೂರಬೇಕು ಎಂದು.

ನನ್ನ ಜೊತೆ ಕೆಲಸ ಮಾಡುವ ವೆಲ್ಡರ್ ಕೊಕಟನೂರಿನವನು, ವಯಸ್ಸಿನಲ್ಲಿ ನನಗಿಂತ ಹಿರಿಯ, ಬಾಯಿಗೆ ಬೀಗ ಇಲ್ಲ. ಎತ್ತಿ ನೋಡಿ, "ಏನ್ ಮಿಸ್ತ್ರಿ, ಇದಕ್ಕ ನಂಬರ್ ಪ್ಲೇಟ್ ಎಲ್ಲೆ ಹೊಡೀತಿ?" ಎಂದ.

"ಸುಮ್ಕ ಕುಂದರೋ. ಬಿದ್ರೂ ಮುರೀಬಾರದು ಇದು."

"ಏರಿದ್ರಲಾ ಬೀಳೂದು."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬಾಯಾರು ಪರೀಕ್ಷೆಗೆ ಬಂದರು. ಮೊದಲು ಮಾಡಿದ್ದು, ರಾಕೆಟ್ಟಿನ ನಡುವಿಗೆ ದಾರ ಕಟ್ಟಿ ತೂಗಿಬಿಟ್ಟದ್ದು. ಎಲ್ಲಿ ಸಮ ತೂಗುತ್ತದೋ ಅಲ್ಲಿ ಸೀಸದ ಗೆರೆ ಎಳೆದರು. ಗಾಳಿಯ ಒತ್ತಡದ ಕೇಂದ್ರ ಎಲ್ಲಿ ಬೀಳುತ್ತದೆ ಎಂಬುದಕ್ಕೆ ಕಿಟ್ಟಿನಲ್ಲೇ ಇನ್ನೊಂದು ಗುರುತಿದೆ. ತೂಕದ ಗೆರೆ ಆ ಗುರುತಿಗಿಂತ ಮುಂದೆ, ಮೂತಿಯ ಕಡೆಗೆ, ಕನಿಷ್ಠ ಕೊಳವೆಯ ಒಂದು ಅಡ್ಡಳತೆಯಷ್ಟಾದರೂ ಇರಬೇಕು. ಇಲ್ಲದಿದ್ದರೆ ರಾಕೆಟ್ಟು ಗಾಳಿಯಲ್ಲಿ ಬಾಲ ತಿರುಗಿಸುತ್ತದೆ. ನನ್ನದರ ಗೆರೆ ಹಿಂದೆ ಬಿದ್ದಿತ್ತು.

"ನೀ ರಾಕೆಟ್ ಮಾಡೀದಿಯೋ, ಹೊಲಾ ಊಳೂ ನಾಂಗರಾ ಮಾಡೀದಿಯೋ?" ಎಂದರು ಬಾಯಾರು. "ಇಷ್ಟ ಎಪಾಕ್ಸಿ ಯಾಕ ಸುರದಿ?"

"ಗಟ್ಟಿ ಇರ್ಲಿ ಅಂತ್ರಿ."

"ಗಟ್ಟಿ ಬ್ಯಾರೆ, ವಜ್ಜ ಬ್ಯಾರೆ. ಹಗರ ಮಾಡು."

ತಾಸಿ ತೆಗೆಯಲು ಮನಸ್ಸು ಬರಲಿಲ್ಲ. ಅಷ್ಟು ಚೊಕ್ಕಾಗಿ ಕೂತಿದ್ದ ಕೆಲಸ. ಬಾಲ ಭಾರವಾದರೆ ಮೂತಿಯನ್ನೂ ಭಾರ ಮಾಡಿದರಾಯಿತು ಎಂದುಕೊಂಡು ಹಳೆ ಬೇರಿಂಗುಗಳನ್ನು ಒಡೆದು, ಛರ್ರಾ ಗುಂಡುಗಳನ್ನು ಮೂತಿಯೊಳಗೆ ಸುರಿದು ಎಪಾಕ್ಸಿಯಲ್ಲಿ ಕೂರಿಸಿದೆ. ದಾರಕ್ಕೆ ತೂಗಿದರೆ ಗೆರೆ ಸರಿಯಾದ ಜಾಗಕ್ಕೆ ಬಂತು. ಬಾಯಾರು ತೂಕ ಮಾಡಿ, ಮೋಟಾರಿನ ತಳ್ಳುವ ಬಲದ ಜೊತೆ ಲೆಕ್ಕ ಹಾಕಿ, "ಅಂಚಿನ್ಯಾಗ ಐತಿ" ಎಂದರು. "ಸಳಿ ಬಿಡೂ ಹೊತ್ತಿಗೆ ಸಾಕಷ್ಟ ವೇಗ ಇರಬೇಕು. ಇಲ್ಲಂದ್ರ ರೆಕ್ಕಿಗೆ ಗಾಳಿ ಸಿಗೂದಿಲ್ಲ, ಗಾಳಿನ ಇದನ್ನ ಹಿಡದ ತಿರಗಸ್ತೈತಿ. ಗಾಳಿ ಇಲ್ಲದ ಮುಂಜಾನೆ ಆದ್ರ ಬಿಡ್ತೀನಿ."

ಮುಂದಿನ ಶನಿವಾರ, ಊರಾಚೆಯ ಹೊಲ. ಹೊಲದ ಮಾಲಕರು ಜೈನ ಮನೆತನದವರು. ಕಬ್ಬು ಕಡಿದ ನೆಲವನ್ನು ಎರಡು ದಿನಕ್ಕೆಂದು ನಮಗೆ ಬಿಟ್ಟಿದ್ದರು. ಮೂರು ಬದಿಗೆ ಬೆಳೆದು ನಿಂತ ಬೇರೆಯವರ ಕಬ್ಬು, ನಡುವೆ ಬೋಳು ನೆಲ. ಬಾಯಾರು ಮುಂಚಿತವಾಗಿ ನೀರು ಹೊಡೆಸಿ, ಸ್ಟ್ಯಾಂಡಿನ ಸುತ್ತ ಕಬ್ಬಿನ ಒಣ ಗರಿ, ರವದಿ ಇಲ್ಲದಂತೆ ಗುಡಿಸಲು ಹಚ್ಚಿದ್ದರು.

ನಮ್ಮ ಧಂದೆಯಲ್ಲಿ ಒಂದು ರೂಢಿ ಇದೆ. ಹೊಸ ಮಷಿನ್ ಮೊದಲು ಚಾಲೂ ಮಾಡುವಾಗ ಕಾಯಿ ಒಡೆಯಬೇಕು, ಅದೂ ಮಷಿನ್ನಿನ ಮೈಮೇಲೆಯೇ. ಮುಂದೆ ನೆಲದ ಮೇಲೆ ಒಡೆದರೆ ಅದು ನೆಲದ ಪೂಜೆ, ಮಷಿನ್ನಿನದಲ್ಲ. ವೆಲ್ಡರ್ ಊರಿನಿಂದ ಯಲ್ಲಮ್ಮನ ಹತ್ತಿರ ಇಟ್ಟು ತಂದ ಕಾಯಿ ಹಿಡಿದು ನಿಂತಿದ್ದ. ಬಾಯಾರು ಗಡಿಯಾರ ನೋಡಿ, "ಲಗೂನ ಮುಗಸ್ರಿ" ಎಂದು ಟ್ರಂಕಿನ ಕಡೆ ಹೋದರು. ವೆಲ್ಡರ್ ಸ್ಟ್ಯಾಂಡಿನ ತಳದ ಕಬ್ಬಿಣದ ಅಂಚಿಗೆ ಕಾಯಿ ಅಪ್ಪಳಿಸಿದ. ನೀರು ಸಳಿಯವರೆಗೆ ಚಿಮ್ಮಿತು. ಕಬ್ಬಿಣ ಒದ್ದೆಯಾಗಿರುವುದನ್ನು ನನ್ನ ಕಣ್ಣು ತಡೆಯದು. ಬಟ್ಟೆ ತೆಗೆದುಕೊಂಡು ತಳ ಒರೆಸಿದೆ, ಅದೇ ಬಟ್ಟೆಯಿಂದ ಸಳಿಯನ್ನೂ ಬುಡದಿಂದ ತುದಿಯವರೆಗೆ ಚೆನ್ನಾಗಿ ಒರೆಸಿದೆ.

ಆ ಮೇಲೆ ತಡವಾಯಿತು. ಬಿಸಿಯಾಗಿ ಮೋಟಾರಿಗೆ ಬೆಂಕಿ ಕೊಡುವ ತಂತಿಗೆ ಬ್ಯಾಟರಿಯ ಕ್ಲಿಪ್ಪು ಸರಿಯಾಗಿ ತಾಗುತ್ತಿರಲಿಲ್ಲ, ಗುಂಡಿ ಒತ್ತುವ ಪೆಟ್ಟಿಗೆಯ ದೀಪ ಹತ್ತುತ್ತಿರಲಿಲ್ಲ. ಕ್ಲಿಪ್ಪಿನ ತುಕ್ಕು ಕೆರೆದು, ವೈರು ಬದಲಿಸಿ ಮುಗಿಸುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ನಾನು ಪೆಟ್ಟಿಗೆಯಿಂದ ಸ್ಟ್ಯಾಂಡಿಗೆ, ಸ್ಟ್ಯಾಂಡಿನಿಂದ ಪೆಟ್ಟಿಗೆಗೆ ಓಡಾಡಿ ಹೊಲದಲ್ಲಿ ದಾರಿ ಬೀಳಿಸಿದೆ. ರಾಕೆಟ್ಟನ್ನು ಸಳಿಗೆ ಇಳಿಸುವಾಗ ಬುಶ್ ಸ್ವಲ್ಪ ಬಿಗಿ ಅನ್ನಿಸಿತು. ಚಲೋ ಕೂತಿದೆ ಎಂದುಕೊಂಡೆ.

ಗಾಳಿ ತುಸುವೇ ಇತ್ತು. ಬಾಯಾರು ಕಬ್ಬಿನ ಗರಿ ನೋಡಿ ಹೂಂ ಎಂದರು, ಎಲ್ಲರನ್ನೂ ಹಿಂದೆ ಸರಿಸಿ ಎಣಿಸಿದರು. ಗುಂಡಿ ಒತ್ತಿದೆ. ಬೆಂಕಿ ಬಂತು, ಸದ್ದು ಬಂತು, ರಾಕೆಟ್ಟು ಮಾತ್ರ ಮುದುಕ ಎದ್ದ ಹಾಗೆ ಎದ್ದಿತು. ಸಳಿಯ ಅರ್ಧದಲ್ಲಿ ತಡೆದಂತಾಯಿತು, ಸ್ಟ್ಯಾಂಡು ಅಲುಗಿತು. ಸಳಿ ಬಿಟ್ಟ ಕೂಡಲೇ ಅದು ಗಾಳಿಗೆ ಮುಖ ಕೊಟ್ಟು ಅಡ್ಡ ಮಲಗಿ, ಬೈಕು ನಿಲ್ಲಿಸಿದ್ದ ಕಡೆಗೆ ಹೊರಟಿತು. ಅಲ್ಲಿದ್ದ ಜನ ನೆಲಕ್ಕೆ ಕೂತರು. ತಲೆಗಳ ಮೇಲಿಂದ ಹಾದು ಕಬ್ಬಿನ ಕಡೆ ಇಳಿಯುವಾಗ ಪ್ಯಾರಾಶೂಟು ಬಿಚ್ಚಿತು, ಗರಿಗಳಿಗೆ ಸಿಕ್ಕಿಕೊಂಡಿತು.

ಯಾರಿಗೂ ಏನೂ ಆಗಲಿಲ್ಲ. ಕಬ್ಬಿನೊಳಗೆ ಹೊಕ್ಕು, ಗರಿಯಿಂದ ಮುಖ ಕೊಯ್ಯಿಸಿಕೊಂಡು ಅದನ್ನು ತಂದೆ. ಮುರಿದಿರಲಿಲ್ಲ. ಗಟ್ಟಿ ಇತ್ತಲ್ಲ.

ಬಾಯಾರು ನನ್ನನ್ನು ಬದಿಗೆ ಕರೆದರು. "ನೋಡಪಾ, ಈ ಮೈದಾನದ ಕಾಯ್ದೆ ನಿನಗ ಗೊತ್ತೈತಿ. ಮಂದಿ ಕಡೆ ರಾಕೆಟ್ ಬಿಟ್ಟವನಿಗೆ ಇನ್ನೊಂದ ಸಲ. ಅದೂ ತಪ್ಪಿದ್ರ, ಮುಂದ ನೀ ಒಡ್ಡಿನ ಮ್ಯಾಲ ನಿಂತ ನೋಡಾವ. ಕಟ್ಟಾವಲ್ಲ, ಹಾರಸಾವಲ್ಲ."

"ನಾಳಿ ಮುಂಜಾನಿ ಬಿಡ್ತೀನ್ರಿ."

"ಮೋಟಾರ್ ಒಂದ ಉಳದೈತಿ. ನಾಳಿ ಬಿಟ್ಟೇ ಬಿಡಬೇಕಂತಿಲ್ಲ. ಯಾಕ ಹಿಂಗಾತು ಅಂತ ಹೇಳು, ಕೊಡ್ತೀನಿ."

ಯಾಕೆ ಎಂದು ನನಗೆ ಗೊತ್ತಿರಲಿಲ್ಲ. ಅಂಚಿನಲ್ಲಿದ್ದರೂ ಲೆಕ್ಕ ಲೆಕ್ಕವೇ. ಅಷ್ಟು ನಿಧಾನ ಏಳಬಾರದಿತ್ತು. ಮೋಟಾರೇ ಸೊರಗಿತ್ತೇನೋ ಎಂದು ಒಬ್ಬ ಹೇಳಿದ. ಬಾಯಾರು ಸುಟ್ಟ ಕೊಳವೆ ಮೂಸಿ, ಒಳಗೆ ನೋಡಿ, ಪೂರ್ತಿ ಉರಿದಿದೆ ಎಂದರು. ಉಳಿದವರು ಮರದ ನೆರಳಿಗೆ ಭಕ್ರಿ ಬಿಚ್ಚಿದರು. ನಾನು ನನ್ನದನ್ನು ಬಿಚ್ಚದೆ ಎದ್ದೆ. ವರ್ಕ್‌ಶಾಪಿಗೆ ಹೋದೆ, ಕೆಲಸ ತೋಚದೆ ತಿರುಗಿ ಹೊಲಕ್ಕೆ ಬಂದೆ.

ಹೊಲದ ಮಾಲಕರು ಸ್ಟ್ಯಾಂಡಿನ ಹತ್ತಿರ ಬಗ್ಗಿ ನಿಂತಿದ್ದರು. ನನ್ನನ್ನು ಕಂಡು, "ಮಿಸ್ತ್ರಿ, ಬಾ ಇಲ್ಲೆ. ನಿಮ್ಮ ಸಳಿ ಮ್ಯಾಲ ಇರುವಿ ಸಾಲ ಹಚ್ಯಾವು" ಎಂದರು.

ಹೌದು. ಸಣ್ಣ ಕೆಂಪು ಇರುವೆ, ಸಳಿಯ ಬುಡದಿಂದ ತುದಿಯವರೆಗೆ, ಹೋಗುವವು ಒಂದು ಕಡೆ, ಬರುವವು ಒಂದು ಕಡೆ.

"ಝಾಡಸತೀನಿ ಬಿಡ್ರಿ, ಅಣ್ಣಾರ."

"ಝಾಡಸಬ್ಯಾಡ. ಸಾಯ್ತಾವು. ಮತ್ತ ಹೇಳ್ತೀನಿ ಕೇಳು, ಇದರ ಮ್ಯಾಲ ಒಂದ ಇರುವಿ ಇದ್ರೂ ನಾಳಿ ನನ್ನ ಹೊಲದಾಗ ಬೆಂಕಿ ಹಚ್ಚೂಹಂಗಿಲ್ಲ."

"ಹಂಗಾದ್ರ ಹೆಂಗ್ ತಗೀಲ್ರಿ?"

"ತಾವ ಹೋಗ್ತಾವು. ಕೂಡು."

ಮನೆಯಿಂದ ಸಕ್ಕರೆ ತರಿಸಿ, ಸ್ಟ್ಯಾಂಡಿನಿಂದ ಬದುವಿನ ಕಡೆಗೆ ಚಿಟಿಕೆ ಚಿಟಿಕೆಯಾಗಿ ಉದುರಿಸಿದರು. ಇರುವೆಗೆ ದಿನವೂ ಸಕ್ಕರೆ ಹಾಕುವ ಕೈ ಅದು, ಅವಸರ ಇಲ್ಲ. ನಾನು ಕೂತೆ, ಎದ್ದೆ, ಮತ್ತೆ ಕೂತೆ. ಇರುವೆಗಳು ಸಕ್ಕರೆಯ ಕಡೆ ಹೊರಳಲು ತಮ್ಮದೇ ಹೊತ್ತು ತೆಗೆದುಕೊಂಡವು.

"ಏನ್ ಹಚ್ಚೀರಿ ಇದಕ್ಕ? ಬೆಲ್ಲಾ?" ಎಂದರು ಮಾಲಕರು.

"ಇಲ್ರಿ, ಕಬ್ಬಿಣ ಅದು. ಯಾರ್ ಬೆಲ್ಲಾ ಹಚ್ತಾರ."

ಹೇಳುತ್ತಲೇ ಇರುವೆ ಇಲ್ಲದ ಜಾಗ ನೋಡಿ ಬೆರಳು ಎಳೆದೆ. ಬೆರಳು ಹಿಡಿಯಿತು. ಮೂಸಿದೆ. ಕಾಯಿನೀರು. ಒಂದು ಕಡೆ ಚಿಮ್ಮಿದ್ದನ್ನು ನಾನೇ ಬಟ್ಟೆಯಿಂದ ಸಳಿಯ ಉದ್ದಕ್ಕೂ ಬಳಿದಿದ್ದೆ. ಬಿಸಿಲಿಗೆ ಅದು ಪಾಕವಾಗಿ, ಮೇಲೆ ಹೊಲದ ಧೂಳು ಕೂತಿತ್ತು. ಪಿಸ್ಟನ್ನಿನಷ್ಟು ಬಿಗಿಯಾದ ನನ್ನ ಹಿತ್ತಾಳೆ ಬುಶ್ ಅದನ್ನು ಕಚ್ಚಿಕೊಂಡಿತ್ತು.

ವೆಲ್ಡರ್ ಬಂದವನಿಗೆ ತೋರಿಸಿದೆ. ಅವನ ಮುಖ ಸಣ್ಣದಾಯಿತು. "ಅಂದ್ರ ಯಲ್ಲವ್ವನ ಕಾಯಿಂದ ಹಿಂಗಾತು ಅಂತೀಯೇನ್?"

"ಕಾಯಿಂದಲ್ಲೋ. ಒರಸಿದ್ದರಿಂದ."

"ಒರಸಿದಾವ ಯಾವ?"

"ನಾನ."

"ಹಾಂ. ಅದನ್ನ ಒಂದ್ ಸಲ ಜೋರಾಗಿ ಅನ್ನು, ಬಾಯಾರಿಗೂ ಕೇಳ್ಲಿ."

ಕಾರಣ ಸಿಕ್ಕಿತು. ಸಿಕ್ಕಿದ ಕೂಡಲೇ ನನಗೆ ಹಿಗ್ಗು. ತಪ್ಪು ಸಳಿಯದು, ರಾಕೆಟ್ಟಿನದಲ್ಲ. ಬಿಸಿನೀರಿನಿಂದ ಸಳಿ ತೊಳೆದರೆ ಮುಗಿಯಿತು. ಎಪಾಕ್ಸಿ ಕೆರೆಯುವುದು ಬೇಕಿಲ್ಲ, ರೆಕ್ಕೆ ಮುಟ್ಟುವುದು ಬೇಕಿಲ್ಲ, ಬಾಯಾರು ನಾಂಗರಾ ಎಂದದ್ದನ್ನೂ ಮರೆಯಬಹುದು. ಹೋಗಿ ಹೇಳಿದೆ. ಅವರು ಬಂದು ಸಳಿ ಮುಟ್ಟಿ ನೋಡಿ, ತಲೆಯಾಡಿಸಿದರು.

"ಇದೂ ಕಾರಣ. ನಿನ್ನ ವಜ್ಜಾನೂ ಕಾರಣ. ಯಾವದು ಎಷ್ಟು ಅಂತ ನನಗ ಹೇಳಾಕ ಬರೂದಿಲ್ಲ. ಸಳಿ ಸ್ವಚ್ಛ ಇದ್ರ ಇದ್ದಂಗ ಬಿಡಾಕೂ ನಾ ಹೂಂ ಅಂತೀನಿ, ಲೆಕ್ಕಾ ಅಂಚಿನ್ಯಾಗ ಪಾಸ್ ಐತಿ. ಏನ ಮಾಡೂದಂತ ನೀನ ಠರಾಸು."

ಇರುವೆಗಳು ಇನ್ನೂ ಇಳಿಯುತ್ತಿದ್ದವು. ಅವು ಇಳಿಯುವ ತನಕ ನನಗೆ ಯೋಚಿಸುವುದೊಂದೇ ಕೆಲಸ, ಅದು ನನಗೆ ಆಗದ ಕೆಲಸ. ಕೈಯಲ್ಲಿ ರಾಕೆಟ್ಟು ಹಿಡಿದು ರೆಕ್ಕೆಯ ಬುಡ ಸವರುತ್ತ ಕೂತೆ. ಎಂಥ ನುಣುಪು. ಗಿರಾಕಿ ಒಬ್ಬ ಬ್ಲೋವರು ತಂದು ನೋಝಲ್ ಕಟ್ಟಿದೆ ಎನ್ನುತ್ತಾನೆ. ಬಿಚ್ಚಿದರೆ ನೋಝಲ್ಲೂ ಕಟ್ಟಿರುತ್ತದೆ, ಪಂಪಿನ ವಾಲ್ವೂ ಸೋರುತ್ತಿರುತ್ತದೆ. ನೋಝಲ್ ಅಷ್ಟೇ ಬಿಡಿಸಿ ಕೊಟ್ಟರೆ ಅವನು ನಗುತ್ತ ಹೋಗುತ್ತಾನೆ, ವಾರದಲ್ಲಿ ಬೈಯುತ್ತ ತಿರುಗಿ ಬರುತ್ತಾನೆ. ಹಾಗೆ ನಾನು ಯಾರಿಗೂ ಕೊಟ್ಟಿಲ್ಲ. ಬೇರೆಯವರ ಮಷಿನ್ನಿಗೆ ಮಾಡದ್ದನ್ನು ನನ್ನದಕ್ಕೆ ಮಾಡಲು ಹೊರಟಿದ್ದೆ. ಬ್ಲೋವರಾದರೂ ತಿರುಗಿ ಬರುತ್ತದೆ. ಇದು ಮಂದಿಯ ತಲೆ ಮೇಲೆ ಹೋಗುವಂಥದ್ದು.

ಎದ್ದು, "ಕೆರೀತೀನ್ರಿ" ಎಂದೆ.

"ಹೂಂ" ಎಂದರು ಬಾಯಾರು. ಅಷ್ಟೇ.

ವರ್ಕ್‌ಶಾಪಿಗೆ ಬಂದು ಗ್ರೈಂಡರಿಗೆ ಮೆತ್ತನೆಯ ಡಿಸ್ಕ್ ಹಾಕಿದೆ. ಮೊದಲ ಸಲ ಮುಟ್ಟಿಸುವಾಗ ಹಲ್ಲು ಕಚ್ಚಿದೆ. ಫೈಬರಿನ ಪುಡಿ ಕೈಗೆಲ್ಲ ತುರಿಕೆ. ಕಾಗದದ ಕೊಳವೆಗೆ ಡಿಸ್ಕ್ ತಾಗಬಾರದು, ರೆಕ್ಕೆಯ ಮರಕ್ಕೆ ತಾಗಬಾರದು. ಎರಡರ ನಡುವಿನ ಎಪಾಕ್ಸಿ ಮಾತ್ರ ಹೋಗಬೇಕು. ಹತ್ತಿರ ಬಂದಾಗ ಗ್ರೈಂಡರ್ ಬಿಟ್ಟು ಪಾಲಿಶ್ ಕಾಗದ ಹಿಡಿದೆ. ಚಿತ್ರದಲ್ಲಿದ್ದ ತೆಳು ಗೆರೆಯಷ್ಟು ಉಳಿಸಿ ನಿಲ್ಲಿಸಿದೆ. ರೆಕ್ಕೆ ಹಿಡಿದು ಅಲುಗಿಸಿದರೆ ಅಲುಗಲಿಲ್ಲ. ಬಾಲದ ಭಾರ ಹೋದಂತೆ ಮೂತಿಯ ಭಾರವೂ ಬೇಡವಾಯಿತು. ಡ್ರಿಲ್ ಹಾಕಿ ಛರ್ರಾ ಗುಂಡುಗಳನ್ನು ಒಂದೊಂದಾಗಿ ಕಿತ್ತೆ. ನಾಲ್ಕು ತೆಗೆಯುವುದು, ದಾರಕ್ಕೆ ತೂಗುವುದು, ಗೆರೆ ನೋಡುವುದು. ಕಡೆಗೆ ಹಿತ್ತಾಳೆ ಬುಶ್ ಕಿತ್ತು ಕಿಟ್ಟಿನ ಸಡಿಲ ಪ್ಲಾಸ್ಟಿಕ್ ಬಳೆಗಳನ್ನು ಹುಡುಕಿದೆ. ವೆಲ್ಡರ್ ಅವನ್ನು ಕಸದಿಂದ ಎತ್ತಿ ಜೇಬಿನಲ್ಲಿ ಇಟ್ಟುಕೊಂಡಿದ್ದ.

"ಯಾಕ ಇಟ್ಕೊಂಡಿದ್ದಿ?"

"ಬೀಡಿ ಸೇದಾಕ ಪೈಪ್ ಆಕ್ಕಾವಂತ."

ಸಂಜೆ ಬಾಯಾರು ದಾರಕ್ಕೆ ತೂಗಿ, ತೂಕ ಮಾಡಿ, ಲೆಕ್ಕ ಹಾಕಿ ಅಂಚಿನ ಮಾತು ಎತ್ತಲಿಲ್ಲ.

ರವಿವಾರ ಬೆಳಗಾಗುತ್ತಲೇ ಹೊಲದಲ್ಲಿದ್ದೆವು. ಮಾಲಕರು ಕನ್ನಡಕ ಹಾಕಿಕೊಂಡು ಸಳಿಯನ್ನು ಬುಡದಿಂದ ತುದಿಯವರೆಗೆ ನೋಡಿ, "ಹೂಂ, ಹಚ್ಚಿಕೋ" ಎಂದರು. ತೊಳೆದ ಸಳಿಯನ್ನು ಒಣ ಬಟ್ಟೆಯಿಂದ, ಹೊಸ ಬಟ್ಟೆಯಿಂದ, ಒರೆಸಿದೆ. ವೆಲ್ಡರ್ ಇವತ್ತೂ ಕಾಯಿ ತಂದಿದ್ದ. ನನ್ನ ಮುಖ ನೋಡಿದ, ಸ್ಟ್ಯಾಂಡ್ ನೋಡಿದ, ದೂರದ ಬದುವಿಗೆ ನಡೆದು ಅಲ್ಲಿಯ ಕಲ್ಲಿಗೆ ಒಡೆದ. "ಇದು ನೆಲದ ಪೂಜಾ" ಎಂದು ಕೂಗಿ ಹೇಳಿದ.

ಪ್ಯಾರಾಶೂಟಿಗೆ ಪೌಡರ್ ಸವರಿ ಮಡಚಿದೆ. ಕೆಳಗೆ ಬೆಂಕಿ ಹಿಡಿಯದ ಕಾಗದ ತುರುಕಿ, ಮೂತಿ ಕೂರಿಸಿದೆ. ಬಿಗಿಯೂ ಆಗಬಾರದು, ಸಡಿಲವೂ ಆಗಬಾರದು. ಬಿಚ್ಚಿ ಮತ್ತೊಮ್ಮೆ ಮಡಚಿದೆ. ಮೂರನೆಯ ಸಲ ಬಿಚ್ಚಲು ಹೋದಾಗ ಬಾಯಾರು ಕೈ ತಡೆದರು. ರಾಕೆಟ್ಟು ಸಳಿಗೆ ತನ್ನ ಭಾರಕ್ಕೇ ಇಳಿದು ಕೂತಿತು. ತಂತಿ ಮೋಟಾರಿನೊಳಗೆ, ಕ್ಲಿಪ್ಪು, ದೀಪ. ದೀಪ ಹತ್ತಿತು. ಹಿಂದೆ ಸರಿದೆವು. ಕಬ್ಬಿನ ಗರಿ ಅಲುಗುತ್ತಿರಲಿಲ್ಲ. ಬಾಯಾರು ಎಣಿಸುವುದು ಇಷ್ಟು ನಿಧಾನವೇ ಎಂದು ಅವತ್ತು ಗೊತ್ತಾಯಿತು.

ಒತ್ತಿದೆ. ಈ ಸಲ ಏಳುವುದು ಕಾಣಲೇ ಇಲ್ಲ. ಸಳಿ ಖಾಲಿಯಿತ್ತು, ಹೊಗೆಯ ಬಿಳಿ ಗೆರೆ ನೆಟ್ಟಗೆ ಮೇಲಿತ್ತು. ಬೆಂಕಿ ಆರಿದ ಮೇಲೂ ಅದು ಏರುತ್ತಲೇ ಹೋಯಿತು. ಆಮೇಲೆ ಸದ್ದಿಲ್ಲ. ಈ ಸದ್ದಿಲ್ಲದ ಹೊತ್ತನ್ನು ಯಾವ ಚಿತ್ರದಲ್ಲೂ ತೋರಿಸಿಲ್ಲ. ಪ್ಯಾರಾಶೂಟು ಬಿಚ್ಚುವ ಮದ್ದು ಒಳಗೆ ಹೊತ್ತಿತೋ ಇಲ್ಲವೋ ಎಂದು ನಾನು ಉಗುರು ಕಡಿಯುತ್ತಿದ್ದೆ. ಪಟ್ ಎಂದು ಸಣ್ಣ ಶಬ್ದ, ಹೊಗೆಯ ಚುಕ್ಕೆ, ಕೆಂಪು ಬಟ್ಟೆ ಅರಳಿತು. ತೂಗುತ್ತ, ತೂಗುತ್ತ ಬೋಳು ನೆಲದ ಮೇಲೆಯೇ ಇಳಿಯಿತು. ಒಣ ಹೆಂಟೆಗೆ ಬಡಿದು ಒಂದು ರೆಕ್ಕೆ ಸೀಳಿತು. ತೆಳು ಗೆರೆಯ ಅಂಟು ಬಿಟ್ಟಿರಲಿಲ್ಲ, ಸೀಳಿದ್ದು ಮರ.

ಅದನ್ನೆತ್ತಿಕೊಂಡು ಬಂದು ಬಾಯಾರ ಮುಂದೆ ನಿಂತೆ. ಏನಾದರೂ ಹೇಳುತ್ತಾರೆಂದು ಕಾದೆ. ಅವರು ಬಿರುಕಿನ ಮೇಲೆ ಬೆರಳಾಡಿಸಿದರು.

"ಮುಂದಿನ ಸಲ ಬರೂಮುಂದ ಇದನ್ನ ಬದಲ ಮಾಡ್ಕೊಂಡ ಬಾ" ಎಂದರು. ಆಮೇಲೆ ನನ್ನ ಹಿಂದೆ ನೋಡಿ ಕರೆದರು, "ಹಾಂ, ರಾಯಬಾಗದವ್ರು ಯಾರು? ನಿಮ್ಮ ಪಾಳಿ, ಬರ್ರಿ."

ಈಗ ನನ್ನ ಹತ್ತಿರ ಇರುವುದು: ಹಾರಿ ಬಂದ ರಾಕೆಟ್ಟು ಒಂದು. ಅದರಲ್ಲಿ ನೆಟ್ಟಗಿರುವ ರೆಕ್ಕೆ ಎರಡು, ಸೀಳಿದ್ದು ಒಂದು. ಸುಟ್ಟ ಮೋಟಾರಿನ ಕೊಳವೆ ಎರಡು. ತುಂಬಿದ ಮೋಟಾರು ಒಂದೂ ಇಲ್ಲ. ಮುಂದಿನ ಕಬ್ಬು ಕಡಿದ ಮೇಲೆ, ಆ ಹೊಲದಲ್ಲಿ, ಒಂದು ಪಾಳಿ.